ಜೋಗಕ್ಕೆ ಗಾಡಿ ತಿರುಗಿಸುವ ಮುನ್ನ

ರಜೆ ಹತ್ತಿರ ಬಂತೆಂದರೆ ‘ಅಷ್ಟು ದೂರ ಹೋಗಿ ಅದೊಂದನ್ನು ನೋಡದೆ ಬರುವುದೇ?’ ಎನ್ನುವ ಪತ್ರಗಳು ಶುರು. ಉತ್ತರ ಕನ್ನಡದ ಬಗ್ಗೆ ಬಂದ ಕೆಲವಕ್ಕೆ ಈ ಸಲ ಉತ್ತರ.

ಅಕ್ಟೋಬರ್ ಎರಡನೇ ವಾರ ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಕಾರಿನಲ್ಲಿ ಹೊರಟಿದ್ದೇವೆ. ಜತೆಗೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಅಪ್ಪ ಇನ್ನೂ ಜೋಗ ನೋಡಿಲ್ಲ. ಹೋಗುವಾಗಲೇ ಜೋಗ ಮುಗಿಸಿಕೊಂಡು ಹೋಗಬಹುದೇ?
– ಓದುಗರು, ಹುಬ್ಬಳ್ಳಿ

ಮೊದಲು ದಾರಿಯ ಲೆಕ್ಕ. ಯಲ್ಲಾಪುರ, ಅಂಕೋಲಾ ಮೇಲೆ ಹೋದರೆ ಗೋಕರ್ಣ 160 ಕಿ.ಮೀ. ಆಸುಪಾಸು. ಜೋಗವನ್ನು ಸೇರಿಸಿದರೆ ಮುಂಡಗೋಡ, ಶಿರಸಿ, ಸಿದ್ದಾಪುರ, ಜೋಗ, ಅಲ್ಲಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ, ಕುಮಟಾ, ಗೋಕರ್ಣ. ಇದು 260ರ ಮೇಲಾಗುತ್ತದೆ. ಹೆಚ್ಚುವರಿ ನೂರು ಕಿ.ಮೀ. ಬಯಲುಸೀಮೆಯ ನೂರಲ್ಲ, ಅರ್ಧಕ್ಕರ್ಧ ತಿರುವುಗಳೇ. ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಇನ್ನೂ ಒಂದು ತಾಸು ಸೇರಿಸಿಕೊಳ್ಳಿ. ಜೋಗದಲ್ಲಿ ಎರಡು ತಾಸಾದರೂ ಬೇಕು. ಅಲ್ಲಿಗೆ ಬೆಳಗ್ಗೆ 6ಕ್ಕೆ ಹೊರಟರೂ ಗೋಕರ್ಣ ಮುಟ್ಟುವುದು ಸಂಜೆಗೇ. ‘ಹೋಗುವಾಗ ಮುಗಿಸುವ’ ಜಾಗವಲ್ಲ ಅದು, ಒಂದು ದಿನದ ಕೆಲಸ.

ಆ ದಿನವನ್ನು ಕೊಡಬೇಕೋ ಬೇಡವೋ ಎನ್ನುವುದು ಲಿಂಗನಮಕ್ಕಿಯ ಕೈಯಲ್ಲಿದೆ. ಜಲಪಾತದ ಮೇಲ್ಭಾಗದಲ್ಲಿ, ಕೆಲವೇ ಕಿ.ಮೀ. ದೂರದಲ್ಲಿ, 1964ರಿಂದ ಈ ಅಣೆಕಟ್ಟು ಶರಾವತಿಯನ್ನು ಹಿಡಿದಿಟ್ಟಿದೆ. ಅಲ್ಲಿನ ನೀರು ತಳಕಳಲೆ ಜಲಾಶಯದ ಮೂಲಕ ವಿದ್ಯುದಾಗಾರಕ್ಕೆ ಹೋಗುತ್ತದೆಯೇ ಹೊರತು ಜೋಗದ ಬಂಡೆಗೆ ಬರುವುದಿಲ್ಲ. ಹಾಗಾದರೆ ಜೋಗದಲ್ಲಿ ಬೀಳುವುದು ಯಾವ ನೀರು? ಎರಡು ಬಗೆ. ಒಂದು, ಅಣೆಕಟ್ಟಿನಿಂದ ಈಚೆಗೆ ಬಿದ್ದ ಮಳೆಯ ನೀರು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಇದೇ ಸಾಕಷ್ಟಿರುತ್ತದೆ, ಆದರೆ ಜಲಾನಯನ ಚಿಕ್ಕದಾದ್ದರಿಂದ ನಾಲ್ಕು ದಿನ ಮಳೆ ಬಿಟ್ಟರೆ ಧಾರೆಗಳು ಸೊರಗುತ್ತವೆ. ಎರಡು, ಗೇಟು ತೆಗೆದಾಗ ಬರುವ ನೀರು. ಚಿತ್ರಗಳಲ್ಲಿ ನೋಡಿರುತ್ತೀರಲ್ಲ, ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಒಂದಾಗಿ 253 ಮೀಟರ್ ಗೋಡೆಯೇ ಬಿಳಿಯಾಗುವುದು, ಅದು ಇದು. ಎಲ್ಲ ವರ್ಷವೂ ಆಗುವುದಿಲ್ಲ.

ಆದ್ದರಿಂದ ಹೊರಡುವ ವಾರ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟದ ಪಟ್ಟಿ ನೋಡಿ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಮಟ್ಟ ಅದರ ಹತ್ತಿರ ಬಂದು, ಒಳಹರಿವೂ ಜೋರಾಗಿದ್ದರೆ ಗೇಟು ತೆಗೆಯುವ ಸಂಭವ ಇದೆ. ತೆಗೆಯುವ ಮುನ್ನ ನದಿಪಾತ್ರದ ಜನರಿಗೆ ಎಚ್ಚರಿಕೆ ಕೊಡುತ್ತಾರೆ, ಆ ಸುದ್ದಿ ಬಂದರೆ ಎರಡು ಮಾತಿಲ್ಲ, ಗಾಡಿ ತಿರುಗಿಸಿ. ಮಟ್ಟ ಹತ್ತಡಿ ಕೆಳಗಿದ್ದು ಮಳೆಯೂ ನಿಂತಿದ್ದರೆ ಅಪ್ಪನಿಗೆ ಕಾಣುವುದು ಕರಿಬಂಡೆಯ ಮೇಲೆ ನಾಲ್ಕು ದಾರದೆಳೆ. ಕಣಿವೆಯ ಆಳ ಆಗಲೂ ದೊಡ್ಡದೇ, ಆದರೆ ನೂರು ಕಿ.ಮೀ. ಸುತ್ತಿ ಬಂದವರಿಗೆ ಅಷ್ಟು ಸಮಾಧಾನ ಸಾಲದು.

ಹೋಗುವುದೆಂದಾದರೆ ಒಂದು ಮಾತು. ಸಿದ್ದಾಪುರದಿಂದ ಬಂದಾಗ ಮೊದಲು ಸಿಗುವುದು ಉತ್ತರ ಕನ್ನಡದ ಬದಿ, ಬಾಂಬೆ ಬಂಗಲೆ ಇರುವ ಕಡೆ. ಅಲ್ಲಿಂದ ನೀರು ಅಂಚು ದಾಟಿ ಕೆಳಗೆ ಹೋಗುವುದನ್ನು ಮೇಲಿನಿಂದ ನೋಡಬಹುದು, ಅದರ ಸೊಗಸೇ ಬೇರೆ, ಆದರೆ ನಾಲ್ಕು ಧಾರೆ ಒಟ್ಟಿಗೆ ಕಾಣುವುದಿಲ್ಲ. ಇಷ್ಟೇ ನೋಡಿ ‘ಜೋಗ ಇಷ್ಟೇನಾ’ ಎಂದು ವಾಪಸಾದವರುಂಟು. ಸೇತುವೆ ದಾಟಿ ಸಾಗರ ತಾಲ್ಲೂಕಿನ ಬದಿಗೆ ಹೋಗಲೇಬೇಕು. ಜುಲೈ–ಆಗಸ್ಟ್‌ನಲ್ಲಿ ಮಂಜು ಮುಚ್ಚಿದ್ದರೆ ಬೈದುಕೊಂಡು ಹೊರಡಬೇಡಿ. ಕಾಲು ತಾಸು ನಿಂತರೆ ಗಾಳಿ ಬಂದು ತೆರೆ ಸರಿಯುತ್ತದೆ, ಮತ್ತೆ ಮುಚ್ಚುತ್ತದೆ. ಕೆಳಗಿಳಿಯುವ ಮೆಟ್ಟಿಲು ಸಾವಿರದ ಮೇಲಿವೆ. ತೆರೆದಿದ್ದರೂ ಅಪ್ಪ, ಅಮ್ಮನನ್ನು ಇಳಿಸಬೇಡಿ, ಹತ್ತುವವರು ಅವರೇ ತಾನೇ.

ಗೇಟು ತೆಗೆದಿರದಿದ್ದರೆ ನಿಮ್ಮ ದಾರಿಗೆ ಹೊಂದುವುದು ಮಾಗೋಡು. ಯಲ್ಲಾಪುರದಿಂದ 18 ಕಿ.ಮೀ. ಒಳಗೆ, ಹೋಗಿ ಬರಲು ಒಂದೂವರೆ ತಾಸು. ಬೇಡ್ತಿ ನದಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಬೀಳುತ್ತದೆ. ಮೇಲೆ ಲಿಂಗನಮಕ್ಕಿಯಂಥ ಅಣೆಕಟ್ಟಿಲ್ಲದ್ದರಿಂದ ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲೂ ನೀರಿರುತ್ತದೆ. ನೋಡುವುದು ಕಣಿವೆಯ ಈಚೆ ದಂಡೆಯಿಂದ, ನೀರು ಮುಟ್ಟುವ ಆಸೆ ಬೇಡ. ಮಧ್ಯಾಹ್ನದೊಳಗೆ ಅಲ್ಲಿಂದ ಹೊರಟರೆ ಅರಬೈಲ್ ಘಟ್ಟ ಇಳಿದು ಸಂಜೆಯ ದರ್ಶನಕ್ಕೆ ಗೋಕರ್ಣ ಸಿಗುತ್ತದೆ. ಮಹಾಬಲೇಶ್ವರ ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು, ಚೀಲದ ಮೇಲ್ಗಡೆಯೇ ಪಂಚೆ ಇಟ್ಟುಕೊಳ್ಳಿ.

(ಬೆಂಗಳೂರಿನಿಂದ ಸಾಗರ, ಹೊನ್ನಾವರ ಮೇಲೆ ಗೋಕರ್ಣಕ್ಕೆ ಹೋಗುವವರಿಗೆ ಈ ತಕರಾರು ಯಾವುದೂ ಅನ್ವಯಿಸದು. ಹೆದ್ದಾರಿಯಿಂದ ಜೋಗ ಕೆಲವೇ ಕಿ.ಮೀ. ನೀರು ಎಷ್ಟೇ ಇರಲಿ, ಇಳಿದು ನೋಡಿಯೇ ಹೋಗಿ.)

ಜುಲೈ ಕೊನೆಗೆ ಶಿರಸಿಯ ನೆಂಟರ ಮನೆಯಲ್ಲಿ ಮೂರು ದಿನ ಇರುತ್ತೇವೆ. ಅಲ್ಲಿಯವರು ‘ಜೋಗ ಯಾಕೆ, ಉಂಚಳ್ಳಿಗೆ ಹೋಗಿ’ ಎನ್ನುತ್ತಾರೆ. ಹೆಸರೇ ಕೇಳಿರಲಿಲ್ಲ. ನಿಜವಾಗಿ ಅಷ್ಟು ಚೆನ್ನಾಗಿದೆಯೇ?
– ಓದುಗರು, ದಾವಣಗೆರೆ

ಇದೆ. ಅಘನಾಶಿನಿ ಅಲ್ಲಿ 116 ಮೀಟರ್ ಬೀಳುತ್ತದೆ. ಈ ನದಿಗೆ ಅಣೆಕಟ್ಟೇ ಇಲ್ಲ, ಘಟ್ಟದ ಮೇಲೆ ಸುರಿದದ್ದೆಲ್ಲ ನೇರ ಜಲಪಾತಕ್ಕೆ. ಮಳೆಗಾಲದ ಮಟ್ಟಿಗೆ ಯಾವ ಪಟ್ಟಿಯನ್ನೂ ನೋಡದೆ ಹೋಗಬಹುದಾದ ಜಾಗ. ಊರವರು ಕೆಪ್ಪಜೋಗ ಎನ್ನುತ್ತಾರೆ, ಅಷ್ಟು ಸದ್ದು. ಲಶಿಂಗ್ಟನ್ ಜಲಪಾತ ಎಂಬ ಹೆಸರೂ ಇದೆ, 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರನದು.

ಶಿರಸಿಯಿಂದ ಸುಮಾರು 35 ಕಿ.ಮೀ., ಹೆಗ್ಗರಣೆ ದಾರಿ. ಕೊನೆಯ ಭಾಗ ಕಿರಿದು, ಎದುರು ಜೀಪು ಬಂದರೆ ಒಬ್ಬರು ಹಿಂದೆ ಸರಿಯಬೇಕು. ವಾಹನ ನಿಲ್ಲಿಸಿದ ಮೇಲೆ ಸ್ವಲ್ಪ ಕಾಡುದಾರಿ, ಆಮೇಲೆ ಮೆಟ್ಟಿಲು. ಹೆಜ್ಜೆಗೊಂದು ಉಂಬಳ (ಜಿಗಣೆ). ಮನೆಯಲ್ಲಿ ಕೇಳಿದರೆ ಔಷಧಿ ಅವರೇ ಕೊಡುತ್ತಾರೆ: ಬೇವಿನೆಣ್ಣೆ ಅಥವಾ ಸುಣ್ಣ, ತಂಬಾಕು ತಿಕ್ಕಿದ್ದು. ಪಾದದಿಂದ ಮೊಣಕಾಲವರೆಗೆ ಹಚ್ಚಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮಳೆಯಲ್ಲಿ ತೊಳೆದುಹೋಗುತ್ತದೆ, ವಾಪಸು ಬರುವಾಗ ಇನ್ನೊಮ್ಮೆ ಹಚ್ಚಬೇಕು. ಹತ್ತಿದ ಉಂಬಳವನ್ನು ಹಿಡಿದೆಳೆಯಬೇಡಿ, ಗಾಯ ಕೆರೆದು ದಿನಗಟ್ಟಲೆ ತುರಿಸುತ್ತದೆ. ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ಆಮೇಲೆ ರಕ್ತ ನಿಲ್ಲಲು ಹೊತ್ತು ಹಿಡಿದರೆ ಗಾಬರಿ ಬೇಡ, ಉಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅಷ್ಟೆ.

ಮೂರು ದಿನ ಇರುವುದರಿಂದ ಮಳೆ ಕೊಂಚ ಹೊಳವಾದ ದಿನ ಆರಿಸಿಕೊಳ್ಳಿ. ಎಡೆಬಿಡದೆ ಸುರಿಯುವಾಗ ಮಂಜಿನಲ್ಲಿ ಸದ್ದು ಮಾತ್ರ ಕೇಳುತ್ತದೆ. ಜುಲೈ ಬಿಟ್ಟು ಬೇರೆ ಸಮಯ ಸಾಧ್ಯವೆಂದರೆ ಅಕ್ಟೋಬರ್–ನವೆಂಬರ್: ನೀರೂ ಇರುತ್ತದೆ, ಆಕಾಶವೂ ತೊಳೆದಿರುತ್ತದೆ, ಉಂಬಳವೂ ಕಡಿಮೆ. ಮಾರ್ಚ್ ನಂತರ ಯಾರು ಕರೆದರೂ ಹೋಗಬೇಡಿ.

ಕುಮಟಾದಲ್ಲಿ ಮದುವೆ. ಮರುದಿನ ಯಾಣಕ್ಕೆ ಹೋಗೋಣವೆಂದು ಎಲ್ಲರ ಹಟ. ಅಮ್ಮನಿಗೆ 68, ಮಂಡಿನೋವು. ಅವರನ್ನು ಕರೆದುಕೊಂಡು ಹೋಗಬಹುದೇ?
– ಓದುಗರು, ರಾಣೆಬೆನ್ನೂರು

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕ ಇದ್ದವ ಗೋಕರ್ಣಕ್ಕೆ’ ಎಂಬ ಗಾದೆ ಹುಟ್ಟಿದ್ದು ಯಾಣಕ್ಕೆ ರಸ್ತೆಯೇ ಇಲ್ಲದ ಕಾಲದಲ್ಲಿ. ಈಗ ಅಷ್ಟು ಸೊಕ್ಕು ಬೇಡ. ಕುಮಟಾದಿಂದ ಸುಮಾರು 30 ಕಿ.ಮೀ., ವಾಹನ ಸಾಕಷ್ಟು ಹತ್ತಿರ ಹೋಗುತ್ತದೆ. ಆಮೇಲಿನ ಕಾಡುದಾರಿಯನ್ನು ನಿಧಾನವಾಗಿ ಕೋಲು ಹಿಡಿದು ಅಮ್ಮ ನಡೆದಾರು. ತೊಂದರೆ ಇರುವುದು ಕೊನೆಯ ಮೆಟ್ಟಿಲುಗಳಲ್ಲಿ, ಅದರಲ್ಲೂ ಇಳಿಯುವಾಗ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎನ್ನುವುದನ್ನು ಹತ್ತುವಾಗ ಯಾರೂ ನೆನೆಯುವುದಿಲ್ಲ.

120 ಮೀಟರಿನ ಭೈರವೇಶ್ವರ ಶಿಖರದ ಬುಡದಲ್ಲಿ ಸ್ವಯಂಭೂ ಲಿಂಗ, ಮೇಲಿನಿಂದ ಅದರ ಮೇಲೆ ತೊಟ್ಟಿಕ್ಕುವ ನೀರು. ದೇವಸ್ಥಾನದ ಹತ್ತಿರ ಚಪ್ಪಲಿ ಬಿಟ್ಟು, ಬಂಡೆಯ ಸೀಳಿನೊಳಗೆ ಹೊಕ್ಕು ಪ್ರದಕ್ಷಿಣೆ ಬರಬೇಕು. ಒಳಗೆ ಕತ್ತು ಎತ್ತಿದರೆ ಆಕಾಶ ಒಂದು ಗೆರೆಯಷ್ಟೇ ಕಾಣುತ್ತದೆ. ಯಾಣಕ್ಕೆ ಹೋಗುವುದು ಈ ಸೀಳಿಗಾಗಿ. ದೂರದಿಂದ ಶಿಖರದ ಫೋಟೊ ತೆಗೆದು ಬರುವುದಾದರೆ 60 ಕಿ.ಮೀ. ದಂಡ. ಸೀಳಿನ ನೆಲ ಏರುಪೇರು, ಒದ್ದೆ. ಅಮ್ಮ ಲಿಂಗದ ದರ್ಶನ ಮಾಡಿ ಅಲ್ಲೇ ಕೂರಲಿ, ಒಬ್ಬರು ಜತೆಗಿರಿ. ನಡು ಮಳೆಗಾಲವಾದರೆ ಅವರನ್ನು ಕರೆದೊಯ್ಯುವ ಯೋಚನೆಯೇ ಬೇಡ, ಪಾಚಿ ಗಟ್ಟಿಮುಟ್ಟಾದವರನ್ನೂ ಬಿಡುವುದಿಲ್ಲ.

ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಕೂಗಾಟ, ಮದುವೆಮನೆಯ ಸೆಂಟು ಮೂರೂ ಬೇಡ. ಕುಡಿಯುವ ನೀರು, ತಿಂಡಿ ಕುಮಟಾದಿಂದಲೇ ಕಟ್ಟಿಕೊಂಡು ಹೋಗಿ. ದಾರಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ, ಎರಡು ಗಾಡಿ ಇದ್ದರೆ ಒಂದರ ಹಿಂದೊಂದು ಇರಲಿ. ಸಮಯ ಉಳಿದರೆ ಹತ್ತಿರದಲ್ಲೇ ವಿಭೂತಿ ಜಲಪಾತವಿದೆ. ಚಿಕ್ಕದು, ಮಕ್ಕಳು ಖುಷಿಪಡುತ್ತಾರೆ.

ಉಡುಪಿಯಿಂದ ಕಾರವಾರಕ್ಕೆ ಹೋಗುವಾಗ ಮುರ್ಡೇಶ್ವರ ದಾಟುವುದು ಮಧ್ಯಾಹ್ನ 1ರ ಸುಮಾರಿಗೆ. ಶಿವನ ಮೂರ್ತಿ ಹೆದ್ದಾರಿಯಿಂದಲೇ ಕಾಣುತ್ತದಂತೆ. ಒಳಗೆ ಹೋಗಬೇಕೆ?
– ಓದುಗರು, ಶಿವಮೊಗ್ಗ

ಒಳಗೆ ಹೋಗುವುದು ಕಷ್ಟವಲ್ಲ, ಹೆದ್ದಾರಿಯಿಂದ ಎರಡು ಕಿ.ಮೀ. ಆಚೀಚೆ. ಆದರೆ ನೀವು ಆರಿಸಿದ್ದು ದಿನದ ಅತಿ ಕೆಟ್ಟ ಹೊತ್ತು. ಗುಡಿ ಮಧ್ಯಾಹ್ನ ಮುಚ್ಚಿರುತ್ತದೆ, ಬರಿಗಾಲಿಗೆ ನೆಲ ಕಾದ ಕಾವಲಿ, 123 ಅಡಿಯ ಶಿವನನ್ನು ನೋಡಲು ತಲೆ ಎತ್ತಿದರೆ ಸೂರ್ಯ ಕಣ್ಣಿಗೆ. ಇಲ್ಲಿ ನಿಜಕ್ಕೂ ಸಾರ್ಥಕವಾದದ್ದು 20 ಅಂತಸ್ತಿನ ರಾಜಗೋಪುರದ ಲಿಫ್ಟು. 18ನೇ ಅಂತಸ್ತಿಗೆ ಹೋಗಿ ಕಿಂಡಿಯಲ್ಲಿ ನೋಡಿದರೆ ಗುಡಿ ಇರುವ ಗುಡ್ಡ ಕಂದುಕಗಿರಿಯನ್ನು ಮೂರು ಕಡೆಯಿಂದ ಸಮುದ್ರ ಸುತ್ತಿರುವುದು, ದಡದ ಮೀನುದೋಣಿಗಳು, ಶಿವ, ಎಲ್ಲ ಒಂದೇ ನೋಟಕ್ಕೆ. ರಜಾದಿನ ಲಿಫ್ಟಿನ ಸಾಲೇ ಒಂದು ತಾಸು ತಿನ್ನಬಹುದು.

ಉಡುಪಿಯಿಂದ ಎರಡು ತಾಸು ಮುಂಚೆ ಹೊರಟರೆ ಎಲ್ಲ ಸರಿಹೋಗುತ್ತದೆ. ಆಗದಿದ್ದರೆ ಮುರ್ಡೇಶ್ವರ ಬಿಟ್ಟು ಮುಂದೆ ಹೋಗಿ, ಕುಮಟಾ ದಾಟಿದ ಮೇಲೆ ಮಿರ್ಜಾನ್ ಕೋಟೆಯಲ್ಲಿ ಇಳಿಯಿರಿ. ಹೆದ್ದಾರಿಯಿಂದ ಅರ್ಧ ಕಿ.ಮೀ., ಮುಕ್ಕಾಲು ತಾಸು ಸಾಕು. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಸೇರಿಕೊಂಡ ಕೋಟೆ. ಜಂಬಿಟ್ಟಿಗೆಯ ಗೋಡೆಗಳು, ಬಾವಿಗಳು, ಹುಲ್ಲು, ಅಷ್ಟೆ. ಅರಮನೆ ಹುಡುಕಬೇಡಿ. ಆದರೆ ಸಂಜೆ 4ರ ಬಿಸಿಲಿಗೆ ಆ ಕೆಂಪು ಕಲ್ಲು ಚೆನ್ನಾಗಿ ಕಾಣುತ್ತದೆ.

ಆಗಸ್ಟ್‌ನಲ್ಲಿ ಶಿರಸಿ ಹತ್ತಿರದ ಸಹಸ್ರಲಿಂಗ ನೋಡಬಹುದೇ?
– ಓದುಗರು, ಹಾವೇರಿ

ಶಾಲ್ಮಲಾ ನದಿಯನ್ನು ನೋಡಬಹುದು. ಲಿಂಗಗಳನ್ನು ಕೆತ್ತಿರುವುದು ನದಿಯೊಳಗಿನ ಬಂಡೆಗಳ ಮೇಲೆ, ಆಗಸ್ಟ್‌ನಲ್ಲಿ ಅವು ನೀರಿನಡಿ. ಡಿಸೆಂಬರ್ ನಂತರ ಹೋಗಿ. ಆಗಸ್ಟ್‌ನಲ್ಲೇ ಶಿರಸಿಗೆ ಬರುವುದಾದರೆ 24 ಕಿ.ಮೀ. ದೂರದ ಬನವಾಸಿಗೆ ಹೋಗಿ, ಮಧುಕೇಶ್ವರನಿಗೆ ತಲೆಯ ಮೇಲೆ ಸೂರಿದೆ.

ಗೋವಾಕ್ಕೆ ಹೋಗುವಾಗ ಕಾರವಾರದಲ್ಲಿ ಒಂದು ತಾಸು ಸಿಗುತ್ತದೆ. ಎಂಟು ವರ್ಷದ ಮಗನಿಗೆ ಯುದ್ಧನೌಕೆ ತೋರಿಸಬೇಕು. ಸಾಲುತ್ತದೆಯೇ?
– ಓದುಗರು, ಗದಗ

ಸಾಲುತ್ತದೆ. ಐಎನ್‌ಎಸ್ ಚಾಪಲ್ ನಿಂತಿರುವುದು ಹೆದ್ದಾರಿ ಪಕ್ಕದಲ್ಲೇ, ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ. ದೊಡ್ಡ ಹಡಗೆಂದು ಮಗನಿಗೆ ಆಸೆ ಹುಟ್ಟಿಸಬೇಡಿ, ಇದು ಕ್ಷಿಪಣಿ ಹಾರಿಸುವ ಚಿಕ್ಕ ದೋಣಿವರ್ಗದ್ದು. ಆದರೆ ಒಳಗೆ ಇಳಿದು ನೋಡಲು ಬಿಡುತ್ತಾರೆ, ಹುಡುಗರಿಗೆ ಅದೇ ಮುಖ್ಯ. ಏಣಿ ಕಡಿದು, ಬಾಗಿಲು ತಗ್ಗು, ದೊಡ್ಡವರು ಹಣೆ ನೋಡಿಕೊಳ್ಳಬೇಕು. ಉಕ್ಕಿನ ಒಡಲು ಬಿಸಿಲಿಗೆ ಕಾಯುತ್ತದೆ, ಬೆಳಗ್ಗೆ ಅಥವಾ 4ರ ನಂತರ ಹೋಗಿ. ನೌಕಾಪಡೆಯ ಟುಪೊಲೆವ್ ವಿಮಾನವನ್ನೂ ಪಕ್ಕಕ್ಕೇ ತಂದು ನಿಲ್ಲಿಸಿದ್ದಾರೆ. ಮಳೆಗಾಲದಲ್ಲಾದರೆ ಅಂಕೋಲಾ–ಕಾರವಾರ ನಡುವೆ ಗುಡ್ಡ ಕಡಿದ ಜಾಗಗಳಲ್ಲಿ ಚಹಾಕ್ಕೆಂದು ಗಾಡಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿದ್ದು ಅಂಥದೇ ಜಾಗದಲ್ಲಿ. ಚಹಾ ಕಾರವಾರ ಪೇಟೆಯಲ್ಲೇ ಸಿಗುತ್ತದೆ.