ಪಲ್ಸಾರ್‌ಗೆ ಜೊತೆ ನಕ್ಷತ್ರ ಇದೆ ಅಂತ ಹೇಗೆ ಗೊತ್ತಾಗುತ್ತೆ? ಹಾಸನದ ಡಿಶ್‌ಗಳಲ್ಲಿ ಅದನ್ನು ಕೇಳಬಹುದಾ?

ಎರಡನೇ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಸಾಲಗಾಮೆ ರಸ್ತೆಯ ಎಂಸಿಎಫ್ ಅನ್ನುವ ನಿಯಂತ್ರಣ ಕೇಂದ್ರದ ಡಿಶ್‌ಗಳು ಇರುವುದು ಇಸ್ರೋ ಉಪಗ್ರಹಗಳನ್ನು ನೋಡಿಕೊಳ್ಳಲು. ಪಲ್ಸಾರ್ ಅಂದರೆ ಗಿರಗಿರ ಸುತ್ತುತ್ತಾ ರೇಡಿಯೋ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ, ಸತ್ತ ದೊಡ್ಡ ನಕ್ಷತ್ರದ ತೀರಾ ದಟ್ಟವಾದ ಉಳಿಕೆ. ಅದನ್ನು ಕೇಳುವುದು ಅವುಗಳ ಕೆಲಸವಲ್ಲ. ಅದಕ್ಕೆ ಪುಣೆ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಅನ್ನುವ ರೇಡಿಯೋ ದೂರದರ್ಶಕ ಇದೆ. ಒಂದೊಂದೂ 45 ಮೀಟರ್ ಅಗಲದ 30 ಡಿಶ್. ಮೋಡ ಕವಿದರೂ ಕೆಲಸ ನಿಲ್ಲುವುದಿಲ್ಲ. ಜೂನ್ ಬಂತೆಂದರೆ ದೂರದರ್ಶಕಕ್ಕೆ ಮುಸುಕು ಹಾಕಿಡುವ ನಮ್ಮಂಥವರಿಗೆ ಹೊಟ್ಟೆಕಿಚ್ಚಾಗುವ ವಿಷಯ!

ಈಗ ಜೊತೆಗಾರನ ವಿಷಯ. ನಾನು ಇಲ್ಲೇ ಹಾಸನದಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಎಂ.ಎಸ್ಸಿ ಪ್ರಾಜೆಕ್ಟ್‌ನಲ್ಲಿ ಇಂಥ ಡೇಟಾ ನೋಡಿದ್ದೆ. ಅಲ್ಲಿ ನಕ್ಷತ್ರದ ಚಿತ್ರ ಏನೂ ಇರುವುದಿಲ್ಲ, ಬರೀ ಮಿಡಿತಗಳು ಬಂದ ಹೊತ್ತು.

1988ರಲ್ಲಿ ಸಿಕ್ಕ ಬಿ1957+20 ಅನ್ನುವ ಪಲ್ಸಾರ್ ತೆಗೆದುಕೊಳ್ಳಿ. ಸೆಕೆಂಡಿಗೆ 622 ಸುತ್ತು ಸುತ್ತುತ್ತದೆ. ಒಂಟಿಯಾಗಿದ್ದರೆ ಮಿಡಿತಗಳು ಲೆಕ್ಕ ಹಾಕಿದ ಹೊತ್ತಿಗೇ ಬರಬೇಕು, ಅಲ್ವಾ? ಆದರೆ ಸುಮಾರು 9 ಗಂಟೆ 10 ನಿಮಿಷಕ್ಕೊಮ್ಮೆ ಅವು 89 ಮಿಲಿಸೆಕೆಂಡ್‌ನಷ್ಟು ಬೇಗ, ಆಮೇಲೆ ಅಷ್ಟೇ ತಡವಾಗಿ ಬರುತ್ತವೆ. ಪಲ್ಸಾರ್ ಒಮ್ಮೆ ನಮ್ಮ ಕಡೆಗೆ, ಒಮ್ಮೆ ಆಚೆಗೆ ಸರಿಯುತ್ತಿದೆ ಅಂತ ಅರ್ಥ. ಅದನ್ನು ಎಳೆದಾಡಿಸುತ್ತಿರುವುದು ಸೂರ್ಯನ ತೂಕದ ನೂರರಲ್ಲಿ ಎರಡು-ಮೂರು ಪಾಲಿನ ಪುಟ್ಟ ಜೊತೆಗಾರ. ಈ ಓಲಾಟವನ್ನು ಲೆಕ್ಕಕ್ಕೆ ತಗೊಳ್ಳದೆ ಮಿಡಿತಗಳನ್ನು ಸುಮ್ನೆ ಒಂದರ ಮೇಲೊಂದು ಕೂಡಿಸಿದರೆ ಎಲ್ಲ ಕಲಸಿಹೋಗುತ್ತದೆ, ಸ್ಕ್ರೀನ್ ಮೇಲೆ ಗದ್ದಲ ಬಿಟ್ಟು ಏನೂ ಕಾಣುವುದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಇದರ ಗ್ರಹಣ. ಪ್ರತಿ ಸುತ್ತಿನಲ್ಲೂ ಹತ್ತರಲ್ಲೊಂದು ಭಾಗ ರೇಡಿಯೋ ಸದ್ದೇ ಇರುವುದಿಲ್ಲ. ಮಾಯವಾಗುವ ಮುಂಚೆ, ಸ್ಕ್ರೀನ್ ಮೇಲೆ ನೆಟ್ಟಗಿದ್ದ ಮಿಡಿತದ ಗೆರೆ ತಡದ ಕಡೆಗೆ ಬಾಗುತ್ತದೆ. ಅಂದರೆ ಅಡ್ಡ ಬಂದಿರುವುದು ಗಟ್ಟಿ ಗುಂಡು ಮಾತ್ರವಲ್ಲ, ಅದರ ಸುತ್ತ ಹರಡಿರುವ ಪ್ಲಾಸ್ಮಾ (ವಿದ್ಯುದಾವೇಶ ಇರುವ ಅನಿಲ) ಕೂಡ. ಅದು ಮೊದಲು ಅಲೆಯನ್ನು ತಡಮಾಡಿಸಿ ಆಮೇಲೆ ಪೂರ್ತಿ ನುಂಗುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಗ್ರಹಣ ಇನ್ನೂ ಜಾಸ್ತಿ ಹೊತ್ತು. ಹಿಂದೊಮ್ಮೆ ಜೊತೆಗಾರನಿಂದ ಅನಿಲ ಎಳೆದುಕೊಂಡೇ ಪಲ್ಸಾರ್ ಇಷ್ಟು ವೇಗ ಪಡೆದದ್ದು. ಈಗ ತನ್ನ ಕಿರಣಗಳಿಂದ ಆ ಜೊತೆಗಾರನನ್ನೇ ಸವೆಸುತ್ತಿದೆ. ಸಂಗಾತಿಯನ್ನೇ ತಿನ್ನುವ ಜೇಡದಂತೆ 'ಬ್ಲ್ಯಾಕ್ ವಿಡೋ' ಅಂತ ಹೆಸರಿಟ್ಟಿರುವುದು ಅದಕ್ಕೇ.

ತೂಕ ಅಳೆಯುವುದಕ್ಕೂ ಇದೇ ಹೊತ್ತಿನ ಲೆಕ್ಕ ಸಾಕು. ಜೆ1614-2230 ಅನ್ನುವ ಇನ್ನೊಂದು ಜೋಡಿಯಲ್ಲಿ ಮಿಡಿತ ಜೊತೆಗಾರನ ಪಕ್ಕದಲ್ಲೇ ಹಾದು ಬರುತ್ತದೆ. ಅದರ ಗುರುತ್ವದಿಂದ ಕೆಲವು ಹತ್ತು ಮೈಕ್ರೋಸೆಕೆಂಡ್ ತಡ, ಅಷ್ಟೇ. ಅಷ್ಟರಲ್ಲೇ 2010ರಲ್ಲಿ ಈ ಪಲ್ಸಾರ್ ಹೆಚ್ಚುಕಮ್ಮಿ ಎರಡು ಸೂರ್ಯರಷ್ಟು ತೂಗುತ್ತದೆ ಅಂತ ಗೊತ್ತಾಯಿತು. ನ್ಯೂಟ್ರಾನ್ ನಕ್ಷತ್ರದ ಒಳಗೆ ಏನಿದೆ ಅನ್ನುವ ಎಷ್ಟೋ ಸಿದ್ಧಾಂತಗಳು ಆಗಲೇ ಮೂಲೆಗೆ ಬಿದ್ದವು.