ಸಂಪಾದಕರ ಉತ್ತರ: ಫ್ರಾಂಕ್ಲಿನ್ನರ ಲಾಡ್ಜು ಮತ್ತು ಊರಿನ ಬೀದಿ

ಹಾಸನದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಬೆಂಜಮಿನ್ ಫ್ರಾಂಕ್ಲಿನ್ನರ ಊರಸೇವೆಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಗ್ರಂಥಾಲಯ, ಬೆಂಕಿ ಆರಿಸುವ ದಳ, ಆಸ್ಪತ್ರೆಗಳ ಸಾಲಿನಲ್ಲೇ ಫ್ರೀಮೇಸನ್ ಲಾಡ್ಜನ್ನೂ ಸೇರಿಸಿದ್ದೀರಿ. ಕದ ಹಾಕಿಕೊಂಡು, ಆಣೆ ಇಡಿಸಿಕೊಂಡು ನಡೆಸುವ ಸಭೆ ಸಾರ್ವಜನಿಕ ಸೇವೆ ಹೇಗಾದೀತು? ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡವರ ಸೋದರತ್ವಕ್ಕೆ ಏನರ್ಥ? ಕೊನೆಯದಾಗಿ, ಅವರು ಇನ್ನೂರು ವರ್ಷಗಳಿಗೆಂದು ಬರೆದಿಟ್ಟ ಉಯಿಲು ನಿಜಕ್ಕೂ ನಡೆಯಿತೆ?"

ಮಾನ್ಯರೇ,

ನಿಮ್ಮ ಮೊದಲ ಆಕ್ಷೇಪವನ್ನು ಒಪ್ಪುತ್ತೇನೆ. ಆ ಸಾಲನ್ನು ಅಚ್ಚಿಗೆ ಕಳಿಸುವಾಗ ನಾನು ಇನ್ನಷ್ಟು ಎಚ್ಚರ ವಹಿಸಬೇಕಿತ್ತು. ಲಾಡ್ಜೆಂದರೆ ನಮ್ಮ ಬಸ್ ನಿಲ್ದಾಣದ ಎದುರಿನ ವಸತಿಗೃಹವಲ್ಲ, ಫ್ರೀಮೇಸನ್ ಎಂಬ ಗುಟ್ಟಿನ ಸೋದರಸಂಘದ ಸದಸ್ಯರು ಪರಸ್ಪರ ಸೋದರರೆಂದು ಒಪ್ಪಿಕೊಂಡ ಒಂದು ಕೂಟ ಎಂಬುದನ್ನಾದರೂ ಅಲ್ಲಿ ವಿವರಿಸಬೇಕಿತ್ತು. ಆದರೆ ಲಾಡ್ಜಿಗೂ ಊರಿನ ಕೆಲಸಕ್ಕೂ ಸಂಬಂಧವೇ ಇರಲಿಲ್ಲ ಎಂಬ ತೀರ್ಮಾನಕ್ಕೆ ನೀವು ಬಂದಿದ್ದರೆ ಅದನ್ನು ಒಪ್ಪಲಾರೆ.

ಹದಿನೇಳರ ಹುಡುಗನಾಗಿ 1723ರಲ್ಲಿ ಬಾಸ್ಟನ್ನಿನಿಂದ ಓಡಿಬಂದು ಅಮೆರಿಕದ ಫಿಲಡೆಲ್ಫಿಯಾ ಊರನ್ನು ಸೇರಿದ ಫ್ರಾಂಕ್ಲಿನ್ ಎಂಬ ಈ ಮುದ್ರಕನಿಗೆ ಅಲ್ಲಿ ಬಂಧುಗಳಿರಲಿಲ್ಲ. 1727ರಲ್ಲಿ ಅವರು ತಮ್ಮಂಥ ಕಸುಬುದಾರರನ್ನು ಕೂಡಿಸಿಕೊಂಡು ಜುಂಟೋ ಎಂಬ ಶುಕ್ರವಾರದ ಚರ್ಚಾಕೂಟವನ್ನು ಕಟ್ಟಿದರು. 1730ರ ಡಿಸೆಂಬರಿನಲ್ಲಿ ತಮ್ಮ ಪತ್ರಿಕೆಯಲ್ಲಿ ಫ್ರೀಮೇಸನ್ನರ ಗುಟ್ಟುಗಳನ್ನು ಗೇಲಿ ಮಾಡುವ ಬರಹವನ್ನು ಅಚ್ಚುಮಾಡಿದವರು, ಮರುವರ್ಷ ತಾವೇ ಲಾಡ್ಜಿನ ಸದಸ್ಯರಾದರು. 1734ರಲ್ಲಿ ಆ ಊರಿರುವ ಪೆನ್ಸಿಲ್ವೇನಿಯಾ ಪ್ರಾಂತ್ಯದ ಗ್ರ್ಯಾಂಡ್ ಮಾಸ್ಟರ್, ಅಂದರೆ ಅಲ್ಲಿನ ಫ್ರೀಮೇಸನ್ನರ ಮುಖ್ಯಸ್ಥ, ಆದದ್ದಲ್ಲದೆ ಆ ಪಂಥದ ನಿಯಮಗ್ರಂಥವನ್ನೂ ಮುದ್ರಿಸಿದರು. ಸಿರಿವಂತ ವರ್ತಕರ ಪಕ್ಕದಲ್ಲಿ ಕುಳಿತುಕೊಳ್ಳುವ ಅವಕಾಶ ಒಬ್ಬ ಮುದ್ರಕನಿಗೆ ಅಲ್ಲಿ ದೊರೆಯಿತು, ಅದರಿಂದ ಅವರ ಅಂಗಡಿಗೂ ಲಾಭವಾಗಿರಬೇಕು; ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಬೆಳ್ಳಿ ಕೆಲಸದ ಫಿಲಿಪ್ ಸಿಂಗ್ ಅಂಥವರು ಜುಂಟೋದಲ್ಲೂ ಲಾಡ್ಜಿನಲ್ಲೂ ಗ್ರಂಥಾಲಯದಲ್ಲೂ ಬೆಂಕಿ ದಳದಲ್ಲೂ ಇದ್ದರು. ಒಂದೆಡೆ ಬೆಳೆದ ನಂಬಿಕೆ ಇನ್ನೊಂದೆಡೆ ಕೆಲಸಕ್ಕೆ ಬಂದ ಬಗೆ ಇದು.

ಈಗ ಬೆಂಕಿ ದಳದ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವಿರುವುದು ಅಲ್ಲಿ. 1736ರ ಡಿಸೆಂಬರ್ 7ರಂದು ಹುಟ್ಟಿದ ಯೂನಿಯನ್ ಫೈರ್ ಕಂಪನಿಯ ಕಟ್ಟಳೆಯಂತೆ ಪ್ರತಿಯೊಬ್ಬ ಸದಸ್ಯನೂ ನೀರಿಗಾಗಿ ತೊಗಲಿನ ಬಕೆಟ್ಟುಗಳನ್ನೂ, ಉರಿಯುವ ಮನೆಯಿಂದ ಸಾಮಾನು ತುಂಬಿ ಹೊರತರಲು ಗಟ್ಟಿ ಬಟ್ಟೆಯ ಚೀಲಗಳನ್ನೂ ಸದಾ ಸಿದ್ಧವಾಗಿಟ್ಟಿರಬೇಕಿತ್ತು. ತಿಂಗಳಿಗೊಮ್ಮೆ ಸಭೆ, ತಪ್ಪಿಸಿದವರಿಗೆ ದಂಡ, ಆ ದಂಡದ ಹಣದಲ್ಲೇ ಏಣಿ, ಕೊಕ್ಕೆ, ನೀರು ಚಿಮ್ಮುವ ಯಂತ್ರಗಳ ಖರೀದಿ. ಇಷ್ಟರಮಟ್ಟಿಗೆ ಇದೂ ಮುಚ್ಚಿದ ಕೂಟವೇ, ಸದಸ್ಯರ ಸಂಖ್ಯೆ ಮೂವತ್ತು. ಆದರೆ ಸೇರಲು ಬಂದ ಉಳಿದವರಿಗೆ ಜಾಗವಿಲ್ಲವೆಂದು ಹೇಳಿ ಕಳಿಸುವ ಬದಲು, ಇದೇ ಕ್ರಮದಲ್ಲಿ ನಿಮ್ಮದೊಂದು ದಳ ಕಟ್ಟಿಕೊಳ್ಳಿ ಎಂದರು. ಹಾಗೆ ಒಂದಾದ ಮೇಲೊಂದು ದಳ ಹುಟ್ಟಿ, ಊರಿನ ಆಸ್ತಿವಂತರಲ್ಲಿ ಬಹುಪಾಲು ಜನ ಯಾವುದಾದರೊಂದಕ್ಕೆ ಸೇರಿದವರಾದರು. ಲಾಡ್ಜಿಗೂ ಇದಕ್ಕೂ ನಾನು ಕಾಣುವ ವ್ಯತ್ಯಾಸ ಇದೇ: ಅಲ್ಲಿ ರೀತಿನೀತಿಯನ್ನು ಬಚ್ಚಿಟ್ಟರು, ಇಲ್ಲಿ ಹಂಚಿದರು. ಐವತ್ತು ವರ್ಷಗಳ ನಂತರ ಆತ್ಮಕಥೆಯಲ್ಲಿ ಇದನ್ನು ನೆನೆಯುವಾಗ, ಮೊದಲ ಸದಸ್ಯರಲ್ಲಿ ತಾನೂ ತನಗಿಂತ ಒಂದು ವರ್ಷ ಹಿರಿಯರಾದ ಮತ್ತೊಬ್ಬರೂ ಮಾತ್ರ ಉಳಿದಿದ್ದೇವೆ ಎಂದು ಅವರು ಬರೆಯುತ್ತಾರೆ. ಲಾಡ್ಜಿನ ಬಗ್ಗೆ ಆ ಪುಸ್ತಕ ಬಹುತೇಕ ಮೌನವಾಗಿದೆ.

1751ರ ಆಸ್ಪತ್ರೆಯ ಯೋಚನೆ ಅವರದಲ್ಲ, ವೈದ್ಯ ಥಾಮಸ್ ಬಾಂಡ್ ಅವರದು. ಜನರಿಂದ ಎರಡು ಸಾವಿರ ಪೌಂಡ್ ವಂತಿಗೆ ಕೂಡಿದರೆ ಸರ್ಕಾರದಿಂದ ಅಷ್ಟೇ ಹಣ ಕೊಡಬೇಕೆಂಬ ಷರತ್ತನ್ನು ಶಾಸನಸಭೆಯಲ್ಲಿ ಹೊಸೆದದ್ದು ಮಾತ್ರ ಫ್ರಾಂಕ್ಲಿನ್. ಹಣ ಕೂಡುವುದಿಲ್ಲವೆಂದು ನಂಬಿದ ವಿರೋಧಿಗಳು ಖರ್ಚಿಲ್ಲದೆ ದಾನಿಗಳೆನಿಸಿಕೊಳ್ಳಲು ಒಪ್ಪಿಗೆಯಿತ್ತರು, ಹಣ ಕೂಡಿತು. ಈ ಜಾಣತನದ ಬಗ್ಗೆ ಅವರಿಗೆ ಕೊನೆಯವರೆಗೂ ಪಶ್ಚಾತ್ತಾಪವಿರಲಿಲ್ಲ.

ಕದ ಹಾಕಿದ ಕೂಟದ ಕೇಡನ್ನೂ ಹೇಳದಿದ್ದರೆ ನಿಮ್ಮ ಪತ್ರಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. 1737ರಲ್ಲಿ ಡೇನಿಯಲ್ ರೀಸ್ ಎಂಬ ಹುಡುಗ, ಔಷಧದಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದವನು, ಫ್ರೀಮೇಸನ್ ಆಗಬೇಕೆಂದು ಆಸೆಪಟ್ಟ. ಅವನ ಒಡೆಯನೂ ಗೆಳೆಯರೂ ಸುಳ್ಳು ದೀಕ್ಷೆಯ ನಾಟಕವಾಡಿದರು. ಉರಿಯುವ ಮದ್ಯ ಮೈಮೇಲೆ ಬಿದ್ದು ಹುಡುಗ ಸತ್ತ. ಆ ನಾಟಕದ ಮೊದಲ ಭಾಗದ ಕಥೆಯನ್ನು ಕೇಳಿ ಫ್ರಾಂಕ್ಲಿನ್ ನಕ್ಕಿದ್ದರು, ಹುಡುಗನಿಂದ ಹೇಳಿಸಿದ ಅಸಭ್ಯ ಪ್ರಮಾಣವಚನದ ಪ್ರತಿಯನ್ನು ಇಸಿದುಕೊಂಡು ಇತರರಿಗೂ ತೋರಿಸಿದ್ದರು. ಮುಂದೆ ನ್ಯಾಯಾಲಯದಲ್ಲಿ ಆರೋಪಿಗಳ ವಿರುದ್ಧ ಸಾಕ್ಷಿ ನುಡಿದರಾದರೂ ಎದುರಾಳಿ ಪತ್ರಿಕೆ ಅವರನ್ನು ಬಿಡಲಿಲ್ಲ. ಸುದ್ದಿ ಬಾಸ್ಟನ್ನಿಗೂ ಮುಟ್ಟಿ, ಫ್ರೀಮೇಸನ್ನರು ಧರ್ಮಕ್ಕೆ ವಿರುದ್ಧವಾದುದೇನನ್ನೂ ಮಾಡುವುದಿಲ್ಲವೆಂದು ಅವರು ತಾಯಿಗೆ ಸಮಾಧಾನ ಹೇಳಬೇಕಾಯಿತು. ಆ ನಾಟಕವಾಡಿದವರು ನಿಜವಾದ ಲಾಡ್ಜಿನವರಲ್ಲ ಎಂಬ ಸಮಜಾಯಿಷಿ ಸರಿಯೇ. ಆದರೆ ಗುಟ್ಟಿನ ಆಕರ್ಷಣೆ ಇಲ್ಲದಿದ್ದರೆ ಆ ಹುಡುಗ ಬಲಿಯಾಗುತ್ತಿರಲಿಲ್ಲ.

ಗುಲಾಮರ ವಿಷಯದಲ್ಲಿ ಸಮರ್ಥನೆಗೆ ನನ್ನಲ್ಲಿ ಮಾತಿಲ್ಲ. ಹಲವು ದಶಕ ಅವರ ಮನೆಯಲ್ಲಿ ಗುಲಾಮರಿದ್ದರು, ಗುಲಾಮರ ಮಾರಾಟದ ಜಾಹೀರಾತುಗಳನ್ನು ಅವರ ಪತ್ರಿಕೆ ಪ್ರಕಟಿಸಿತು. 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು, ಸಾಯುವ ಎರಡು ತಿಂಗಳ ಮುಂಚೆ ಅಮೆರಿಕದ ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿದರು ಎಂಬುದೂ ನಿಜ. ಬಹಳ ತಡವಾಗಿತ್ತು ಎಂಬುದೂ ಅಷ್ಟೇ ನಿಜ. ಅದೇ 1787ರಲ್ಲಿ, ಅದೇ ಊರಿನಲ್ಲಿ, ಗುಲಾಮಗಿರಿಯಿಂದ ಬಿಡಿಸಿಕೊಂಡಿದ್ದ ಅಬ್ಸಲೋಮ್ ಜೋನ್ಸ್ ಮತ್ತು ರಿಚರ್ಡ್ ಅಲೆನ್ ತಮ್ಮವರಿಗಾಗಿ ಫ್ರೀ ಆಫ್ರಿಕನ್ ಸೊಸೈಟಿಯನ್ನು ಕಟ್ಟಿದರು. ತಿಂಗಳಿಗೊಂದು ಷಿಲಿಂಗ್ ವಂತಿಗೆ ಎತ್ತಿ ಕೈಲಾಗದವರಿಗೂ ವಿಧವೆಯರಿಗೂ ಅನಾಥ ಮಕ್ಕಳಿಗೂ ನೆರವಾಗುವುದು ಅದರ ಕ್ರಮ. 1793ರಲ್ಲಿ ಹಳದಿ ಜ್ವರ ಬಂದು ಅನುಕೂಲಸ್ಥರು ಊರು ಬಿಟ್ಟಾಗ, ರೋಗಿಗಳ ಆರೈಕೆಗೂ ಹೆಣಗಳ ಸಂಸ್ಕಾರಕ್ಕೂ ನಿಂತವರು ಈ ಜೋನ್ಸ್, ಅಲೆನ್ ಮತ್ತು ಅವರ ಜನ. ಕರಿಯರಿಗೆ ಆ ಜ್ವರ ತಾಗದೆಂಬ ವೈದ್ಯರ ತಪ್ಪು ನಂಬಿಕೆಯನ್ನು ಮುಂದಿಟ್ಟು ಅವರನ್ನು ಕರೆಯಲಾಗಿತ್ತು; ಅವರಲ್ಲೂ ಅನೇಕರು ಸತ್ತರು. ಸೋದರತ್ವವೆಂಬ ಮಾತಿಗೆ ಫಿಲಡೆಲ್ಫಿಯಾದಲ್ಲಿ ಉದಾಹರಣೆ ಹುಡುಕುವುದಾದರೆ ನಾನು ಫ್ರಾಂಕ್ಲಿನ್ನರ ಲಾಡ್ಜಿಗಿಂತ ಮೊದಲು ಇವರನ್ನು ಹೆಸರಿಸುತ್ತೇನೆ.

ಉಯಿಲು ನಡೆಯಿತು. 1790ರಲ್ಲಿ ತೀರಿಕೊಂಡ ಫ್ರಾಂಕ್ಲಿನ್ ಬಾಸ್ಟನ್ನಿಗೂ ಫಿಲಡೆಲ್ಫಿಯಾಕ್ಕೂ ತಲಾ ಒಂದು ಸಾವಿರ ಪೌಂಡ್ ಬಿಟ್ಟಿದ್ದರು. ಕಸುಬು ಕಲಿತು ಮುಗಿಸಿದ, ಇಪ್ಪತ್ತೈದು ತುಂಬದ ವಿವಾಹಿತ ಯುವಕರಿಗೆ ಇಬ್ಬರ ಜಾಮೀನಿನ ಮೇಲೆ ಶೇಕಡಾ 5ರ ಬಡ್ಡಿಗೆ ಅದನ್ನು ಸಾಲವಾಗಿ ಕೊಡಬೇಕಿತ್ತು. ಕೈಕಸುಬಿನ ಕಾಲ ಹೋಗಿ ಕಾರ್ಖಾನೆಗಳು ಬಂದ ಮೇಲೆ ಅಂಥ ಸಾಲಗಾರರೇ ಅಪರೂಪವಾಗಿ, ಫ್ರಾಂಕ್ಲಿನ್ ಲೆಕ್ಕಹಾಕಿದಷ್ಟು ಹಣ ಬೆಳೆಯಲಿಲ್ಲ. ಆದರೂ 1990ರಲ್ಲಿ ಅವಧಿ ಮುಗಿದಾಗ ಬಾಸ್ಟನ್ನಿನ ನಿಧಿ ಸುಮಾರು 50 ಲಕ್ಷ ಡಾಲರಿಗೂ ಫಿಲಡೆಲ್ಫಿಯಾದ್ದು ಸುಮಾರು 20 ಲಕ್ಷ ಡಾಲರಿಗೂ ಏರಿತ್ತು. ಫಿಲಡೆಲ್ಫಿಯಾದ ಹಣದಲ್ಲಿ ಒಂದು ಭಾಗ ಕಸುಬು ಕಲಿಯುವ ಮಕ್ಕಳ ವಿದ್ಯಾರ್ಥಿವೇತನಕ್ಕೆ ಹೋಯಿತು.

— ಸಂಪಾದಕ