ಲೂಪಸ್‌ನ ಉಲ್ಬಣವನ್ನು ಎಎನ್‌ಎ ಪರೀಕ್ಷೆ ಸೂಚಿಸುತ್ತದೆಯೇ?

ಎಎನ್‌ಎ (ದೇಹದ ಸ್ವಂತ ಜೀವಕೋಶಗಳ ಕೇಂದ್ರದ ವಿರುದ್ಧ ಉಂಟಾಗುವ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ) ಪಾಸಿಟಿವ್ ಬಂದರೆ ಲೂಪಸ್ (ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ದಾಳಿ ಮಾಡುವ ರೋಗ) ಉಲ್ಬಣಗೊಂಡಿದೆ ಎಂದರ್ಥವೇ ಎಂದು ಕೇಳಿದ್ದೀರಿ. ಹಾಗಲ್ಲ. ಎಎನ್‌ಎ ರೋಗನಿರ್ಣಯಕ್ಕೆ ನೆರವಾಗುವ ಪರೀಕ್ಷೆ; ಒಮ್ಮೆ ರೋಗ ಖಚಿತವಾದ ಮೇಲೆ ಅದರ ಮಟ್ಟವು ರೋಗದ ಏರಿಳಿತವನ್ನು ಅನುಸರಿಸುವುದಿಲ್ಲವಾದ್ದರಿಂದ, ಅದನ್ನು ಪದೇ ಪದೇ ಮಾಡಿಸುವುದರಿಂದ ಪ್ರಯೋಜನವಿಲ್ಲ.

ರೋಗದ ಚಟುವಟಿಕೆಯನ್ನು ಗಮನಿಸಲು ವೈದ್ಯರು ಮುಖ್ಯವಾಗಿ ನೋಡುವುದು ಡಿಎನ್‌ಎ ವಿರುದ್ಧ ಉಂಟಾಗುವ ಆಂಟಿ-ಡಿಎಸ್‌ಡಿಎನ್‌ಎ ಪ್ರತಿಕಾಯಗಳನ್ನು ಮತ್ತು ರೋಗನಿರೋಧಕ ವ್ಯವಸ್ಥೆಯ ಭಾಗವಾದ ಕಾಂಪ್ಲಿಮೆಂಟ್ ಪ್ರೋಟೀನುಗಳಾದ ಸಿ3, ಸಿ4ಗಳನ್ನು. ಈ ಪ್ರತಿಕಾಯಗಳು ಡಿಎನ್‌ಎಯೊಂದಿಗೆ ಸೇರಿ ಉಂಟಾಗುವ ಸಂಕೀರ್ಣಗಳು ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳಲ್ಲಿ ನೆಲೆಸಿ ಕಾಂಪ್ಲಿಮೆಂಟ್ ವ್ಯವಸ್ಥೆಯನ್ನು ಪ್ರಚೋದಿಸುತ್ತವೆ. ಆಗ ಸಿ3, ಸಿ4 ಉತ್ಪತ್ತಿಗಿಂತ ವೇಗವಾಗಿ ಖರ್ಚಾಗಿ ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ. ಪ್ರತಿಕಾಯ ಏರುತ್ತಾ ಕಾಂಪ್ಲಿಮೆಂಟ್ ಇಳಿಯುತ್ತಿದ್ದರೆ ಮೂತ್ರಪಿಂಡದ ಬಗ್ಗೆ ವಿಶೇಷ ಎಚ್ಚರ ಬೇಕು. ಮೂತ್ರದಲ್ಲಿನ ಪ್ರೋಟೀನ್ ಪರೀಕ್ಷೆಯನ್ನು ಮಾತ್ರ ದಯವಿಟ್ಟು ಎಂದಿಗೂ ತಪ್ಪಿಸಬೇಡಿ, ಏಕೆಂದರೆ ಮೂತ್ರಪಿಂಡದ ಹಾನಿ ಆರಂಭದಲ್ಲಿ ನೋವಿಲ್ಲದೆಯೇ ಮುಂದುವರಿಯಬಲ್ಲದು.

ಆದರೂ ಈ ಸಂಖ್ಯೆಗಳೇ ಅಂತಿಮವಲ್ಲ. ಕೆಲವರಲ್ಲಿ ಇವು ವರ್ಷಗಟ್ಟಲೆ ಅಸಹಜವಾಗಿದ್ದರೂ ಯಾವ ಲಕ್ಷಣವೂ ಇರುವುದಿಲ್ಲ. ಅಂಥವರಿಗೆ ವರದಿಯೊಂದನ್ನೇ ನೋಡಿ ಸ್ಟೀರಾಯ್ಡ್ ಹೆಚ್ಚಿಸುವುದು ಸಾಮಾನ್ಯವಾಗಿ ಸರಿಯಲ್ಲ, ನಿಕಟ ನಿಗಾ ಸಾಕು. ಕೆಲವರಲ್ಲಿ ಆನುವಂಶಿಕ ಕಾರಣದಿಂದಲೇ ಸಿ4 ಕಡಿಮೆಯಿರುತ್ತದೆ. ಆದ್ದರಿಂದ ಒಂದೇ ವರದಿಗಿಂತ, ಸಾಧ್ಯವಾದರೆ ಒಂದೇ ಪ್ರಯೋಗಾಲಯದ ಹಿಂದಿನ ವರದಿಗಳೊಂದಿಗಿನ ಹೋಲಿಕೆ ಹೆಚ್ಚು ಅರ್ಥಪೂರ್ಣ.

ಉರಿಯೂತವನ್ನು ಸೂಚಿಸುವ ಎರಡು ರಕ್ತಪರೀಕ್ಷೆಗಳಲ್ಲಿ ಇಎಸ್‌ಆರ್ ಏರಿದ್ದರೂ ಸಿಆರ್‌ಪಿ ಅಷ್ಟಾಗಿ ಏರದಿರುವುದು ಲೂಪಸ್‌ನಲ್ಲಿ ಸಾಮಾನ್ಯ; ಜ್ವರದೊಂದಿಗೆ ಸಿಆರ್‌ಪಿ ಬಹಳ ಹೆಚ್ಚಿದ್ದರೆ ಮೊದಲು ಸೋಂಕನ್ನು ಶಂಕಿಸಬೇಕು.